ಗುರುವಾರಕ್ಕೆ ಒಂದು ದಿನ ಮೊದಲು

ಸತ್ತು ಮೂರು ವರ್ಷವಾದರೂ ಮಮ್ದೂಹ್‌ನಿಗೆ ಹೆಂಡತಿಯ ಮೇಲಿನ ಅನುಮಾನ ಸತ್ತಿರಲಿಲ್ಲ. ಬದುಕಿದ್ದಾಗ ಅವಳ ಫೋನ್ ತಡಕುತ್ತಿದ್ದ, ಈಗ ಮುಖ ತಡಕುತ್ತಿದ್ದ. ಕಂಪನಿಯೊಂದು ಕಂಪ್ಯೂಟರಿನೊಳಗೆ ಕಟ್ಟಿದ್ದ ಪರಲೋಕದಲ್ಲಿ ಅವನಿಗೊಂದು ಮನೆಯಿತ್ತು. ಕಿಟಕಿಯಾಚೆ ಅಲೆಕ್ಸಾಂಡ್ರಿಯಾದ ಕಡಲು, ಎಂದೂ ಮುಳುಗದ ಸಂಜೆ ಸೂರ್ಯ. ಸೋಮವಾರಕ್ಕೊಮ್ಮೆ ಹೆಂಡತಿ ಶಾಹಿನಾಜ್ ಕೈರೋದ ತನ್ನ ಮನೆಯಿಂದ ಪರದೆಯ ಮೇಲೆ ಬಂದು ಕೂರುತ್ತಿದ್ದಳು. ಆ ಒಂದು ಗಂಟೆಗಾಗಿ ಅವನು ವಾರವಿಡೀ ಕಾಯುತ್ತಿದ್ದ. ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಪ್ರೀತಿಸಿದ್ದಕ್ಕೆಲ್ಲ ಬೀಗ ಜಡಿಯುವ ಚಾಳಿ ಅವನದು.

ಈ ಸೋಮವಾರ ಅವಳ ಕಿವಿಯಲ್ಲಿ ಹೊಸ ಓಲೆಗಳಿದ್ದವು.

"ಕೋಪ ಮಾಡ್ಕೋಬೇಡ ಮಮ್ದೂಹ್. ಬರೋ ಗುರುವಾರ ನನ್ನ ಮದುವೆ ಸಮಾರಂಭ."

"ಯಾರ ಜೊತೆ? ಆ ಹಲ್ಲು ಕೀಳೋನ ಜೊತೆನಾ?"

"ಡಾಕ್ಟರ್ ವಗ್ದಿ ಅನ್ನು. ಇನ್ಮೇಲೆ ಸೋಮವಾರ ಬರಕ್ಕಾಗಲ್ಲ. ಅವರಿಗೆ ಸರಿ ಕಾಣಲ್ವಂತೆ."

"ನಾನು ಸತ್ತೋನು ಕಣೇ! ಸತ್ತೋನ ಮೇಲೂ ಹೊಟ್ಟೆಕಿಚ್ಚಾ ಅವನಿಗೆ?"

"ಸತ್ತ ಮೇಲೂ ನಿನಗಿಲ್ವಾ?" ಅಂದಳು ಅವಳು. ಪರದೆ ಆರಿತು.

ಅಂದೇ ಅವನು ನಿರ್ಧರಿಸಿಬಿಟ್ಟ. ಸತ್ತವರಿಗೆ ಹೊತ್ತು ಹೋಗಲೆಂದು ಕಂಪನಿ ಸಣ್ಣಪುಟ್ಟ ಕೆಲಸ ಕೊಡುತ್ತಿತ್ತು. ಶುಬ್ರಾ ಬಡಾವಣೆಯ ನಲವತ್ತು ಹಳೆಯ ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುವುದು ಮಮ್ದೂಹ್‌ನ ಪಾಲು. ಶಾಹಿನಾಜ್ ಇದ್ದ ಕಟ್ಟಡವೂ ಅದರಲ್ಲಿತ್ತು. ಎಂಟನೇ ಮಹಡಿಗೆ ಯಾರು ಎಷ್ಟು ಹೊತ್ತಿಗೆ ಬಂದು ಹೋಗುತ್ತಾರೆಂದು ತಿಳಿಯಲು ಅವನೇ ಅದನ್ನು ಬೇಡಿ ಪಡೆದಿದ್ದ. ವಗ್ದಿ ಆರಕ್ಕೆ ಬಸ್ಬೂಸಾ ಸಿಹಿಯ ಡಬ್ಬಿ ಹಿಡಿದು ಬರುತ್ತಿದ್ದ, ಏಳಕ್ಕೆ ತಾಯಿಯೊಂದಿಗೆ ಫೋನಿನಲ್ಲಿ ಮಾತಾಡುತ್ತ ಹೊರಡುತ್ತಿದ್ದ. ಬಾಗಿಲು ತೆರೆದರೆ ಸಾಕು, ಒಳಗೇನಿದೆ ಎಂದು ನೋಡದೆ ಕಾಲಿಡುವ ಆಸಾಮಿ. ಅದನ್ನು ಮಮ್ದೂಹ್ ಎರಡು ತಿಂಗಳಿಂದ ಗಮನಿಸಿದ್ದ.

ಎಂಟನೇ ಮಹಡಿಯಲ್ಲಿ ಬಾಗಿಲು ತೆರೆಯಬೇಕು, ಲಿಫ್ಟು ಮಾತ್ರ ನೆಲಮಹಡಿಯಲ್ಲೇ ನಿಂತಿರಬೇಕು. ಇಷ್ಟೇ. ಸೋಮವಾರವೂ ಮಂಗಳವಾರವೂ ಅವನೇ ಮೇಲಧಿಕಾರಿಗಳಿಗೆ ದೂರು ಬರೆದ: ಬಾಗಿಲು ಕೈಕೊಡುತ್ತಿದೆ, ದಯವಿಟ್ಟು ಬೇಗ ರಿಪೇರಿ ಮಾಡಿಸಿ. ರಿಪೇರಿಯವರು ವಾರದೊಳಗೆ ಬಂದ ಚರಿತ್ರೆಯೇ ಇರಲಿಲ್ಲ. ದೂರು ಕೊಟ್ಟವನನ್ನೇ ಯಾರು ಅನುಮಾನಿಸುತ್ತಾರೆ?

ಅವನಿಗಿದ್ದ ಭಯ ಒಂದೇ, ಸತ್ತವನ ನಾಲಿಗೆಯದು. ಈ ಕಾಲದಲ್ಲಿ ಎಲ್ಲರ ಕಿವಿಯ ಹಿಂದೆಯೂ ನೆನಪಿನ ಮಣಿ ಇರುತ್ತದೆ. ಪರಲೋಕದಲ್ಲಿ ಜಾಗವಿದ್ದವನು ಮರುದಿನವೇ ಎದ್ದು ಕೂತು ಎಲ್ಲ ಹೇಳಿಬಿಡುತ್ತಾನೆ; ಜಾಗವಿಲ್ಲದವನ ಮಣಿ ಅವನೊಂದಿಗೇ ಮಣ್ಣಾಗುತ್ತದೆ. ಕೊಲೆ ಮಾಡಿದ ಸತ್ತವನಿಗೆ ಜೈಲಿಲ್ಲ, ಅಳಿಸಿಹಾಕುತ್ತಾರೆ. ವಗ್ದಿಗೆ ಜಾಗವಿಲ್ಲವೆಂದು ಕಂಪನಿಯ ಗುಮಾಸ್ತೆ ಹೇಳಿದ್ದನ್ನು ನಂಬದೆ ಮಮ್ದೂಹ್ ಜಾಗವಿದ್ದವರ ಪಟ್ಟಿಯನ್ನು ಮೂರು ಸಲ ತಾನೇ ಜಾಲಾಡಿದ. ವಗ್ದಿ ಸ್ವಂತಕ್ಕೆ ಜಾಗ ಮಾಡಿಸಿಕೊಂಡಿರಲಿಲ್ಲ. ಆದರೆ ಶಾಹಿನಾಜ್ ಮಾಡಿಸಿದ್ದ, ಈಗ ಮಮ್ದೂಹ್ ಇದ್ದ ಈ ಮನೆ ಅವಳಿಗೂ ಅವಳನ್ನು ಕಟ್ಟಿಕೊಂಡ ಗಂಡನಿಗೂ ಸೇರಿದ್ದು. ಗುರುವಾರ ವಗ್ದಿ ಗಂಡನಾಗುತ್ತಾನೆ. ಆದ್ದರಿಂದ ಬುಧವಾರವೇ ಆಗಬೇಕು.

ಬುಧವಾರ ಏಳಕ್ಕೆ ಎಂಟನೇ ಮಹಡಿಯ ಬಾಗಿಲು ತೆರೆಯಿತು.

"ಹೂಂ ಅಮ್ಮಾ, ಹೊರಟೆ, ಹೊರಟೆ..." ಎನ್ನುತ್ತ ವಗ್ದಿ ಬಂದ. ಮಮ್ದೂಹ್‌ನಿಗೆ ಬಾಯಿ ತಡೆಯಲಿಲ್ಲ. ಬಾಗಿಲ ಪಕ್ಕದ ಸ್ಪೀಕರಿನಲ್ಲಿ, "ದಯಮಾಡಿಸಿ, ಡಾಕ್ಟ್ರೇ" ಅಂದ. ವಗ್ದಿ ದಯಮಾಡಿಸಿದ.

ಮಮ್ದೂಹ್ ಮೂರನೇ ದೂರನ್ನು ಬರೆದು ಕಳಿಸಿ, ಬಾಲ್ಕನಿಯಲ್ಲಿ ಕಾಲು ಚಾಚಿ ಕೂತ. ಶಾಹಿನಾಜ್ ಅಳುತ್ತಿರಬಹುದೆಂದು ನೆನೆದು ನಿಜಕ್ಕೂ ಮರುಗಿದ. ಸೋಮವಾರ ಬಂದಾಗ ಹೇಗೆ ಸಮಾಧಾನ ಮಾಡಬೇಕೆಂದು ಮಾತುಗಳನ್ನು ಜೋಡಿಸಿಕೊಂಡ.

ಗುರುವಾರ ಬೆಳಿಗ್ಗೆ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಕಂಪನಿಯ ಗುಮಾಸ್ತೆ, ಅವಳ ಪಕ್ಕದಲ್ಲಿ ವಗ್ದಿ.

"ಸ್ವಲ್ಪ ಜರುಗ್ತೀರಾ ಮಮ್ದೂಹ್ ಅವ್ರೇ? ಇವರೂ ಇನ್ಮೇಲೆ ಇಲ್ಲೇ ಇರ್ತಾರೆ."

"ಇವನಾ? ಇವನಿಗೆಲ್ಲಿಂದ ಬಂತು ಜಾಗ?" ಮಮ್ದೂಹ್ ಕಿರುಚಿದ. "ಮದುವೆ ಇವತ್ತಲ್ವಾ?"

ವಗ್ದಿ ತಲೆಯೆತ್ತಿ ಅವನನ್ನು ದಿಟ್ಟಿಸಿದ. "ಈ ದನಿ... ಮೇಡಂ, ಲಿಫ್ಟ್ ಬಾಗಿಲಲ್ಲಿ ನನ್ನ ಕರೆದಿದ್ದು ಇದೇ ದನಿ."

ಗುಮಾಸ್ತೆ ಅದನ್ನು ಬರೆದುಕೊಂಡಳು. ಮಮ್ದೂಹ್‌ನ ಮದುವೆಯಲ್ಲಿ ಸಹಿಯೂ ಊಟವೂ ಒಂದೇ ಸಂಜೆ ಮುಗಿದಿದ್ದರಿಂದ, ಇವೆರಡು ಬೇರೆ ಬೇರೆ ದಿನವೂ ನಡೆಯುತ್ತವೆಂಬುದು ಎಲ್ಲವನ್ನೂ ಅನುಮಾನಿಸಿದ ಅವನಿಗೆ ಹೊಳೆದೇ ಇರಲಿಲ್ಲ. "ಇವತ್ತು ಇದ್ದಿದ್ದು ಬರೀ ಊಟ, ಹಾಡು, ಕುಣಿತ ಅಷ್ಟೇ," ಅಂದಳು ಗುಮಾಸ್ತೆ ಕಾಗದ ತಿರುವುತ್ತ. "ಹೋದ ಶುಕ್ರವಾರಾನೇ ನಮಾಜ್ ಆದ ಮೇಲೆ ಮಸೀದೀಲಿ ನಿಕಾಹ್ ಬರೆಸಿ ಸಹಿ ಹಾಕಿದಾರಲ್ಲ ಇವರು."