ಒಂದೇ ಕೈ ಗುರುತಿಸುವ ಪಿಸ್ತೂಲು

2001ರ ಅಕ್ಟೋಬರ್ 26, ಬೆಳಿಗ್ಗೆ. ಎಂಜಿನಿಯರ್ ಶಿವಪ್ರಸಾದನ ಮನೆಯಿಂದ ಪಿಸ್ತೂಲು ಕಳುವಾಗಿದೆ ಎಂದು ಅಮೆರಿಕದ ಓಲ್ಡ್ ಬ್ರಿಡ್ಜ್ ಪೊಲೀಸ್ ಠಾಣೆಗೆ ದೂರು ಬಂತು. ಠಾಣೆಯಲ್ಲಿ ಕನ್ನಡ ಬಲ್ಲವನು ಡಿಟೆಕ್ಟಿವ್ ವಸಿಷ್ಠನೊಬ್ಬನೇ. ಒಬ್ಬ ಪೇದೆಯೊಂದಿಗೆ ಹೊರಟ.

"ಮಾಮೂಲಿ ಪಿಸ್ತೂಲಲ್ರೀ," ಎಂದ ಶಿವಪ್ರಸಾದ ಬಾಗಿಲಲ್ಲೇ. "ಕಂಪನಿಯವರು ಟೆಸ್ಟಿಂಗಿಗೆ ಕೊಟ್ಟದ್ದು. ಹಿಡಿಕಿಯೊಳಗ ಸೆನ್ಸರ್ ಐತಿ. ನನ್ನ ಕೈ ಬಿಟ್ಟು ಯಾರ ಕೈಯಾಗೂ ಗುಂಡು ಹಾರಂಗಿಲ್ಲ. ಇಂಥಾದ್ದನ್ನ ಕಡ್ಡಾಯ ಮಾಡೂಣು ಅಂತ ರಾಜಧಾನಿ ಟ್ರೆಂಟನ್ನಿನಾಗ, ಶಾಸನಸಭಾದಾಗ ಚರ್ಚಾ ನಡದೈತಿ. ಭಾಳ ಸೇಫ್."

"ಹಾಗಾದ್ರೆ ಕದ್ದವನಿಗೆ ಉಪಯೋಗ ಇಲ್ಲ. ನೀವ್ಯಾಕೆ ಇಷ್ಟು ಬೆವರ್ತಿದೀರಾ?"

ಶಿವಪ್ರಸಾದ ಹಣೆ ಒರೆಸಿಕೊಂಡು ಒಳಗೆ ದಾರಿ ಬಿಟ್ಟ.

ಸ್ಥಳ ಮಹಜರು ನಡೆಯಿತು. ಬಾಗಿಲು ಒಡೆದ ಗುರುತಿಲ್ಲ. ಹಿಂದಿನ ದಿನ ಆಯುಧಪೂಜೆ. ದೇವರ ಮುಂದೆ ಲ್ಯಾಪ್‌ಟಾಪ್, ಕಾರಿನ ಕೀಲಿ, ಚಾಕುಗಳು, ಎಲ್ಲಕ್ಕೂ ವಿಭೂತಿ, ಕುಂಕುಮ. ನಡುವೆ ಒಂದು ಜಾಗ ಖಾಲಿ. ಪಿಸ್ತೂಲಿಗೆ ಏರಿಸಿದ್ದ ಸೇವಂತಿಗೆ ಮಾತ್ರ ದೇವರ ಪಾದದ ಬಳಿ ಇತ್ತು. ಪೂಜೆಗಿಟ್ಟದ್ದನ್ನು ಎತ್ತುವ ಮುನ್ನ ಹೂವನ್ನು ಹೀಗೆ ಇಳಿಸುವುದನ್ನು ವಸಿಷ್ಠ ತನ್ನ ತಾಯಿಯಲ್ಲಿ ಕಂಡಿದ್ದ. ಕಳ್ಳನಿಗೆ ಆ ವ್ಯವಧಾನ ಎಲ್ಲಿಯದು?

ಅಡುಗೆಮನೆಯಲ್ಲಿ ಶಿವಪ್ರಸಾದನ ಹೆಂಡತಿ ಸ್ಮಿತಾ ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

"ಹೂವು ತೆಗೆದದ್ದು ನೀವೇ ಅಲ್ವಾ?"

"ಮೆಲ್ಲಕ ಮಾತಾಡ್ರಿ." ಅವಳು ಬಾಗಿಲ ಕಡೆ ನೋಡಿದಳು. "ಊಟಕ್ಕ ಕುಂತಾಗ ತಾಟಿನ ಬಾಜೂಕ ಇಟ್ಕೋತಾರ್ರಿ. ಸಾರು ಸಪ್ಪಗಾದ್ರ ನನ್ನ ಕಡೆ ತಿರುವತಾರ. ಈ ಸಲ ಹಾರಸ್ತೀನಿ ಅಂತಾರ, ನಗತಾರ. ನಿನ್ನೆ ಪೂಜಾಕ್ಕಂತ ಕೈಯಿಂದ ಕೆಳಗಿಟ್ರು. ಮುಂಜಾನಿ ಮತ್ತ ಪೂಜಾ ಆಗೂಮಟ ಮುಟ್ಟಂಗಿಲ್ಲಲ್ಲ. ನನಗ ಸಿಕ್ಕಿದ್ದು ಅಷ್ಟ ಹೊತ್ತು."

"ಬೇರೆಯವರ ಕೈಯಲ್ಲಿ ಹಾರಲ್ವಂತೆ."

"ಎಲ್ಲಾರ ಕೈಗೂ ಕೀಲಿ ಹಾಕ್ಯಾರ್ರಿ. ನಾ ಅಂಜೂ ಕೈ ಒಂದಕ್ಕ ಹಾಕಿಲ್ಲ."

ಅವಳು ಜೋಳದ ಹಿಟ್ಟಿನ ಡಬ್ಬಿ ತೋರಿಸಿದಳು. ವಸಿಷ್ಠ ಪಿಸ್ತೂಲನ್ನು ಹೊರತೆಗೆದ. ಗುಂಡು ತುಂಬಿತ್ತು.

"ಸಿಕ್ತೇನ್ರಿ? ಕೊಡ್ರಿ ಇಲ್ಲೆ."

ಬೆನ್ನ ಹಿಂದೆ ಶಿವಪ್ರಸಾದ ಕೈ ಚಾಚಿದ್ದ. ಜಗತ್ತಿನಲ್ಲಿ ಆ ಪಿಸ್ತೂಲು ಮಾತು ಕೇಳುವ ಕೈ ಅದೊಂದೇ, ಗೇಣು ದೂರದಲ್ಲಿತ್ತು. ಸ್ಮಿತಾ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಪೇದೆ ಹಿಂದಿನಿಂದ ಆ ಮಣಿಕಟ್ಟು ಹಿಡಿದ.

ಕೊಲೆ ಬೆದರಿಕೆಯ ಆರೋಪದ ಮೇಲೆ ದೂರುದಾರನನ್ನೇ ಬಂಧಿಸಲಾಯಿತು.

ಪಿಸ್ತೂಲಿನ ಬಗ್ಗೆ ವಿಚಾರಿಸಿದ್ದಕ್ಕೆ ಸಂಜೆ ಕಂಪನಿಯಿಂದ ಉತ್ತರ ಬಂತು. ಶಿವಪ್ರಸಾದನಿಗೆ ಬೇಸಿಗೆಯಲ್ಲೇ ಲೇಆಫ್ ಆಗಿ ಕೆಲಸ ಹೋಗಿತ್ತು. ಪಿಸ್ತೂಲು ಹಿಂದಿರುಗಿಸಿರಲಿಲ್ಲ. ಹೆಂಡತಿಗೂ ಹೇಳದೆ ದಿನವೂ ಟೈ ಕಟ್ಟಿ ಆಫೀಸಿದ್ದ ಮಾರಿಸ್‌ಟೌನಿಗೆ ಹೋಗಿ, ಪಾರ್ಕಿಂಗ್‌ನಲ್ಲಿ ಕೂತು ಬರುತ್ತಿದ್ದ. ಆಫೀಸಿನ ಬಾಗಿಲು ಅವನ ಬ್ಯಾಡ್ಜಿಗೆ ತೆರೆಯುತ್ತಿರಲಿಲ್ಲ. ಅವನ ಗುರುತು ಇನ್ನೂ ಹಿಡಿಯುತ್ತಿದ್ದದ್ದು ಆ ಪಿಸ್ತೂಲೊಂದೇ.