ನೋಟೀಸು ಹಾಕದೆ ಅಳೆದ ಹೊಗೆ

"ಮೇಡಂ! ಮೊದ್ಲು ಆ ಕೊಕ್ಕೆ ಸಿಕ್ಕಿಸ್ಕೊಳ್ಳಿ!"

ಕೆಳಗಿನಿಂದ ತಮಿಳಿನಲ್ಲಿ ಬಂದ ಗರ್ಜನೆಗೆ ಮಣಿಮೇಗಲೈ ಬೆಚ್ಚಿಬಿದ್ದಳು. ನಲವತ್ತಡಿ ಎತ್ತರ. ಬೆನ್ನಿಗೆ ದಿಂಡಿಗಲ್ಲಿನ ಬಿಸಿಲು, ಎದುರಿಗೆ ಬೀಗದ ಕಾರ್ಖಾನೆಯ ಕಾದ ಚಿಮಣಿ. ಸೊಂಟಕ್ಕೆ ಬೆಲ್ಟೇನೋ ಇತ್ತು, ಅದರ ಕೊಕ್ಕೆ ಮಾತ್ರ ಗಾಳಿಯಲ್ಲಿ ತೂಗಾಡುತ್ತಿತ್ತು!

ಕೂಗಿದವನು ಪಕ್ಕದ ಹೆಂಗಸಿನ ಕಡೆ ತಿರುಗಿ, ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದ.

"ಓದಿರೋದು ಬೆಟ್ಟದಷ್ಟು, ಬುದ್ಧಿ ಸಾಸ್ವೆಕಾಳಷ್ಟೂ ಇಲ್ಲ!"

ಅವಳು ಕೊಕ್ಕೆ ಸಿಕ್ಕಿಸಿಕೊಂಡು ಕೆಳಗೆ ಬಗ್ಗಿದಳು. "ಸಾಸ್ವೆಕಾಳಿಗೂ ಕಿವಿ ಐತೆ... ಕೇಳ್ತೈತೆ!"

ಪಾಪ, ಅವನ ಮುಖ ನೋಡಬೇಕಿತ್ತು!

ಅವನು ಕುಲುಮೆಯ ಮೇಲ್ವಿಚಾರಕ ತಮಿಳ್‌ಸೆಲ್ವನ್. ಹೆಸರು ಅಪ್ಪಟ ತಮಿಳು, ಮನೆಮಾತು ಅವಳ ಹಾಗೆಯೇ ಕನ್ನಡ. ಅವನ ಮನೆ ಆಂಡಿಪಟ್ಟಿ ಕಡೆ, ಅವಳದು ಕಂಬಂ ಕಣಿವೆಯ ದ್ರಾಕ್ಷಿ ತೋಟದ ಊರು. ಪಕ್ಕದಲ್ಲಿ ನಿಂತು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದವಳು ಕರುಪ್ಪಾಯಿ. ಕರಗಿಸುವ ಗುಜರಿ ಹಿತ್ತಾಳೆಯನ್ನು ಆರಿಸುವ ಹೆಂಗಸರಿಗೆಲ್ಲ ಅವಳೇ ಹಿರಿಯಳು.

"ನಮ್ಮ ಜನದ ಹೆಣ್ಣಾ ನೀನು? ಇಳಿದು ಬಾ ಕಣ್ಣು, ಮೋರು ಕುಡಿ!" ಎಂದು ಮಜ್ಜಿಗೆ ಚೊಂಬು ಎತ್ತಿ ತೋರಿಸಿ ಕರೆದಳು ಕರುಪ್ಪಾಯಿ.

ಮಣಿಮೇಗಲೈ ಪರಿಸರ ಎಂಜಿನಿಯರ್. ಕಾರ್ಖಾನೆಯ ಒಡತಿ ಗೋಮತಿ ಅವಳಿಗೆ ಕೊಟ್ಟ ಕೆಲಸ ಇಷ್ಟೇ. "ನಮ್ಮ ಕುಲುಮೆ ಊರಿನ ಗಾಳಿಗೆ ಏನು ಬಿಡ್ತಿದೆ, ಎಷ್ಟು ಎಣ್ಣೆ ಸುಡ್ತಿದೆ, ಅಳೆದು ಹೇಳಮ್ಮ. ಆಮೇಲೆ ಇಳಿಸೋಣ."

ಎಣ್ಣೆಯ ಲೆಕ್ಕ ತಮಿಳ್‌ಸೆಲ್ವನ್ ಹತ್ತಿರ ಆಗಲೇ ಇತ್ತು. ಯಾರೂ ಕೇಳದಿದ್ದರೂ ಆರು ವರ್ಷದಿಂದ, ಒಂದೊಂದು ಸಲ ಹಿತ್ತಾಳೆ ಕರಗಿಸಿದಾಗಲೂ ಎಷ್ಟು ಲೀಟರ್ ಉರಿಯಿತು ಎಂದು ಬರೆದಿಟ್ಟಿದ್ದ. ಒಂದು ದಿನವೂ ತಪ್ಪಿಲ್ಲ! ಆ ಪುಸ್ತಕ ತಿರುವುತ್ತಾ ಅವಳ ಎದೆ ತುಂಬಿಬಂತು. 'ಇಂಥವರೂ ಇದ್ದಾರಾ...'

ಅಂದಿನಿಂದ ದಿನಕ್ಕೊಂದು ನೆಪ ಹುಡುಕಿ ಅವಳು ಕುಲುಮೆಯ ಕಡೆ ಬರತೊಡಗಿದಳು. ಅವನೂ ಕ್ರಾಪು ಬಾಚಿಕೊಂಡು ಬರತೊಡಗಿದ. ಬೆಂಕಿಯ ಮುಂದೆ ನಿಲ್ಲುವವನಿಗೆ ಕ್ರಾಪು ಯಾಕೆ ಅಂತ ಮಾತ್ರ ಕೇಳಬೇಡಿ!

ವರದಿಗಾಗಿ ಅಳೆಯುವ ದಿನವನ್ನು ಅವಳು ಒಂದು ವಾರ ಮೊದಲೇ ನೋಟೀಸ್ ಬೋರ್ಡಿಗೆ ಹಾಕಿದಳು. ಆ ದಿನ ಚಿಮಣಿಯೊಳಗಿಂದ ತೆಗೆದ ಸೋಸು ಕಾಗದ ಬರೀ ಬೂದುಬಣ್ಣಕ್ಕೆ ತಿರುಗಿತ್ತು. ಒಂದು ಘನ ಮೀಟರ್ ಹೊಗೆಯಲ್ಲಿ ನಲವತ್ತೆರಡು ಮಿಲಿಗ್ರಾಂ ಧೂಳು. ಅವಳಿಗೆ ಕುಣಿಯುವಷ್ಟು ಖುಷಿ!

ಹತ್ತು ದಿನ ಕಳೆದು, ಸುಮ್ಮನೆ ಉಪಕರಣ ಪರೀಕ್ಷಿಸಲು ಮತ್ತೆ ಹತ್ತಿದಳು. ಕಾಗದ ಕಾಡಿಗೆಯ ಹಾಗೆ ಹೊರಬಂತು. ನೂರ ಮೂವತ್ತೊಂದು!

ಇಳಿದು ನೇರ ಅವನ ಮುಂದೆ ನಿಂತಳು.

"ಆವತ್ತು ವರದಿಗೆ ಅಳೆದಾಗ ಕುಲುಮೆಗೆ ಏನ್ ಹಾಕಿದ್ರಿ?"

ಯಾಕೆ ಕೇಳುತ್ತಿದ್ದಾಳೆಂದು ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಆಚೆ ಕುಳಿತಿದ್ದ ಕರುಪ್ಪಾಯಿ ಮುಖ ಬಿಳಿಚಿಕೊಂಡದ್ದು ಅವನ ಕಣ್ಣಿಗೆ ಬಿತ್ತು. ಆವತ್ತು ಗುಜರಿ ಅಷ್ಟು ಫಳಫಳ ಹೊಳೆದದ್ದು ಯಾಕೆಂದು ಈಗ ಅರ್ಥವಾಯಿತು.

"ತೊಳ್ದ ಹಿತ್ತಾಳೆ," ಎಂದ ಮೆಲ್ಲಗೆ. "ನಾನೇ ತೊಳೀರಿ ಅಂದಿದ್ದು."

"ನೀವಾ? ನನ್ನ ಅಳತೆಗೇ ಮೋಸ ಮಾಡಿದ್ರಾ...?"

ಅವನು ತಲೆ ತಗ್ಗಿಸಿದ. ನಂಬಿದ ಮನಸ್ಸು ಮುರಿದರೆ ಕೋಪಕ್ಕಿಂತ ಅಳು ಮೊದಲು ಬರುತ್ತದೆ. ಅವಳು ಅಳುತ್ತಲೇ ವರದಿ ಬರೆದಳು, ಅವನ ಹೆಸರು ಹಾಕಿಯೇ ಬರೆದಳು. ಓದಿದರೆ ಗೋಮತಿ ಅವನನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎಂದು ಗೊತ್ತಿದ್ದೂ ಕಳಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಕರುಪ್ಪಾಯಿ ಅವಳ ಕೈ ಹಿಡಿದುಕೊಂಡಳು.

"ನೆಂಟ್ರು ಬತ್ತಾರೆ ಅಂದ್ರೆ ಮನೆ ತೊಳೀದೆ ಇರ್ತೀವಾ ತಾಯಿ? ನೀನು ಬೋರ್ಡ್‌ನಾಗೆ ದಿನ ಹಾಕಿದ್ದೆ. ನಮ್ಮ ಹೆಣ್ಣು ಅಳೆಯಾಕೆ ಬತ್ತಾಳೆ, ಕೆಟ್ಟದು ಬಂದ್ರೆ ಅವಳ್ಗೇ ಕೆಟ್ಟ ಹೆಸ್ರು ಅಂತ ನಾವು ಆರು ಜನ ಹೆಂಗಸ್ರು ಮುಂಚಿನ ದಿನ ಕುಲುಮೆ ರಜಾ ಇದ್ದಾಗ ಸೋಪ್ ಹಾಕಿ ಗುಜರಿ ತೊಳ್ದು ಒಣಗಿಸಿದ್ವಿ. ಅಂವ ಅವತ್ತು ಮದುರೈಗೆ ಹೋಗಿದ್ದ. ಅವನ್ಗೆ ಒಂದೂ ಗೊತ್ತಿಲ್ಲ! ನಮ್ಮ ಕೆಲಸ ಹೋಗ್ಬಾರ್ದು ಅಂತ ತನ್ನ ತಲೆ ಮೇಲೆ ಹಾಕ್ಕೊಂಡವ್ನೆ."

'ಅಯ್ಯೋ ದೇವರೇ! ಎಂಥ ಕೆಲಸ ಮಾಡಿಬಿಟ್ಟೆ!'

ಅವನ ಎಣ್ಣೆ ಪುಸ್ತಕವನ್ನು ಎತ್ತಿಕೊಂಡು ಅವಳು ಓಡಿದಳು. ಗೋಮತಿಯ ಮೇಜಿನ ಮೇಲೆ ವರದಿ ತೆರೆದಿತ್ತು. ಎದುರಿಗೆ ತಮಿಳ್‌ಸೆಲ್ವನ್ ಕೈಕಟ್ಟಿ ನಿಂತಿದ್ದ.

"ಮೇಡಂ, ತಪ್ಪು ನನ್ನದು!" ಅವಳಿಗೆ ಏದುಸಿರು. "ದಿನ ಹೇಳಿ ಅಳೆದವಳು ನಾನು. ಸರಿಯಾಗಿ ವಿಚಾರಿಸದೆ ಆರೋಪ ಹೊರಿಸಿದವಳೂ ನಾನು. ಗುಜರಿ ತೊಳೆದ ದಿನ ಇವರು ಊರಲ್ಲೇ ಇರಲಿಲ್ಲ. ಆ ಹೆಂಗಸರು ಮಾಡಿದ್ದು ಮೋಸ ಅಲ್ಲ, ಮರ್ಯಾದೆ. ಇದನ್ನೊಂದು ನೋಡಿ..."

ಪುಸ್ತಕ ಬಿಡಿಸಿ ತೋರಿಸಿದಳು. ದಿನವೂ ಒಂದು ಸಲ ಕರಗಿಸಲು ತೊಂಬತ್ತು ಲೀಟರ್ ಎಣ್ಣೆ. ಆ ಒಂದು ದಿನ ಮಾತ್ರ ಎಪ್ಪತ್ತೆಂಟು! ಜಿಡ್ಡು, ಮಣ್ಣು, ತೇವ ಇಲ್ಲದ ಹಿತ್ತಾಳೆ ಬೇಗ ಕರಗಿತ್ತು. ಹೊಗೆಯೂ ಕಡಿಮೆ, ಎಣ್ಣೆಯೂ ಕಡಿಮೆ.

ಗೋಮತಿ ಕನ್ನಡಕ ತೆಗೆದರು. "ಅಂದ್ರೆ ನೆಂಟರಿಗೆ ಅಂತ ಮಾಡಿದ್ದನ್ನ ದಿನಾ ಮಾಡಿದ್ರೆ ಆಯ್ತು, ಅಲ್ವಾ?"

ಹಾಗೇ ಆಯಿತು. ತೊಳೆಯಲು ತೊಟ್ಟಿ ಬಂತು, ತೊಳೆದ ನೀರನ್ನು ಶುದ್ಧ ಮಾಡಲು ಇನ್ನೊಂದು ಬಂತು. ಚಿಮಣಿಗೆ ಹೋಗಿ ಹಾಳಾಗುತ್ತಿದ್ದ ಬಿಸಿಯಲ್ಲೇ ಗುಜರಿ ಒಣಗಿಸುವ ಉಪಾಯ ತಮಿಳ್‌ಸೆಲ್ವನ್ನದು. ಎರಡು ತಿಂಗಳಾದ ಮೇಲೆ ಮಣಿಮೇಗಲೈ ಯಾರಿಗೂ ಹೇಳದೆ ನಾಲ್ಕು ಬೇರೆ ಬೇರೆ ದಿನ ಚಿಮಣಿ ಹತ್ತಿದಳು. ಸರಾಸರಿ ಐವತ್ತೊಂದು! ವರದಿಯಲ್ಲಿ ಗೋಮತಿ ಹಳೆಯ ನೂರ ಮೂವತ್ತೊಂದನ್ನೂ ಮುಚ್ಚಿಡದೆ ಬರೆಸಿದರು, ಕೆಳಗೆ ಆರು ಹೆಂಗಸರ ಹೆಸರನ್ನೂ ಸೇರಿಸಿದರು. ಅಂಥ ಒಡತಿಯೂ ಸಿಗಬೇಕು, ಅಂಥ ಕೆಲಸಗಾರರೂ ಸಿಗಬೇಕು.

ಆ ಸಂಜೆ ಬಸ್ ನಿಲ್ದಾಣದವರೆಗೆ ಅವನು ಅವಳ ಜೊತೆ ನಡೆದ.

"ನನ್ನ ಮೇಲೆ ಕೋಪ ಇಲ್ವಾ?" ಅವಳೇ ಕೇಳಿದಳು. "ಕೆಟ್ಟದಾಗಿ ಬರ್ದಿದ್ದೆ..."

"ನಾನು ಹೇಳಿದ್ದ ಸುಳ್ಳು ತಾನೆ ನೀನು ಬರ್ದಿದ್ದು?"

"ಇನ್ಮೇಲೆ ನನ್ನ ಹತ್ರ ಸುಳ್ಳು ಬೇಡ. ಒಳ್ಳೇದಕ್ಕೂ ಬೇಡ."

ಅವನು ನಿಂತುಬಿಟ್ಟ. "ಸರಿ... ಹಂಗಾದ್ರೆ ನಿಜ ಹೇಳ್ತೀನಿ. ನೀನಂದ್ರೆ ನಂಗೆ ಪ್ರಾಣ. ನಮ್ಮವ್ವನ್ನ ಕರ್ಕೊಂಡು ಹೆಣ್ಣು ಕೇಳಾಕೆ ಬತ್ತೀನಿ. ಯಾವತ್ತು ಬತ್ತೀವಿ ಅಂತ ನಿಮ್ಮಪ್ಪನ್ಗೆ ಹೇಳ್ಲಿ?"

ಅವಳ ಕಣ್ಣು ತುಂಬಿತು, ತುಟಿಯಲ್ಲಿ ನಗುವೂ ಬಂತು.

"ಹೇಳ್ಬೇಡಿ. ಹೇಳ್ದೆ ಬನ್ನಿ."

"ಅಯ್ಯೋ! ಮನೇಲಿ ಎಲ್ರೂ ಹೆಂಗಿರ್ತಾರೋ ಏನೋ?"

"ಅಪ್ಪ ಬನಿಯನ್‌ನಲ್ಲಿ ಇರ್ತಾರೆ. ನಾನು ತಲೆಗೆ ಎಣ್ಣೆ ಮೆತ್ಕೊಂಡು ಕೂತಿರ್ತೀನಿ. ಇದ್ದಂಗೇ ನೋಡಿ. ಆಮೇಲೂ ಬೇಕು ಅನ್ಸಿದ್ರೆ ಕೇಳಿ."

ಕಂಬಂ ಬಸ್ಸು ಬಂದು ನಿಂತಿತು. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತಳು. ಅವನು ಕಂಬಿ ಹಿಡಿದು ಮೆಲ್ಲಗೆ ಕೇಳಿದ.

"ನಾಳೆನೇ ಬಂದ್ರೆ?"

"ಹೇಳ್ಬೇಡಿ ಅಂದ್ನಲ್ಲ!"