ಬೇರು ನೀರು ಮುಟ್ಟುವ ತನಕ

ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗದ ಕೆಲಸ. ನಾನು ವೈದ್ಯ ತ್ರ್ಯಂಬಕ ಭಟ್ಟರ ಮಗಳು ರಜನಿ. ನಿದ್ದೆಯಲ್ಲೂ ಮಾತಾಡುತ್ತೇನೆಂದು ಧಾರವಾಡದ ನಮ್ಮ ಓಣಿಯವರು ನಗುತ್ತಿದ್ದರು. ಅಂಥವಳ ಪಾಲಿಗೇ ಮೂವತ್ತನಾಲ್ಕನೆಯ ಇಸವಿಯಲ್ಲಿ ಬೇರು ಕೀಳುವ ಕೆಲಸ ಬಂತು.

ಅಳ್ನಾವರ ದಾಟಿ ಚಕ್ಕಡಿಯಲ್ಲಿ ಹೋದರೆ ಅಡವೆವ್ವ ದೇವಿಗೆ ಬಿಟ್ಟ ಮೀಸಲು ಅಡವಿ ಸಿಗುತ್ತದೆ. ಆ ಅಡವಿಯೊಳಗೆ ಯಾರೂ ಕೊಡಲಿ ಒಯ್ಯುವಂತಿಲ್ಲ, ಒಣಗಿದ ಕಡ್ಡಿಯನ್ನೂ ಮನೆಗೆ ತರುವಂತಿಲ್ಲ. ಔಷಧಕ್ಕೆಂದು ಬಂದ ವೈದ್ಯರಿಗೆ ಮಾತ್ರ ಒಳಗೆ ದಾರಿ.

ಆ ಸಲ ನಾವು ಹೋದದ್ದು ಎದುರು ಮನೆಯ ಲಕ್ಷ್ಮೀಬಾಯಿ ಕಾಕುಗಾಗಿ. ತಾಯಿಯಿಲ್ಲದ ನನಗೆ ತಲೆ ಬಾಚಿ, ಹೆರಳು ಹಾಕಿ ಬೆಳೆಸಿದವರು ಅವರು. ಮಳೆಗಾಲದುದ್ದಕ್ಕೂ ಜ್ವರ ಅವರನ್ನು ಬಿಟ್ಟಿರಲಿಲ್ಲ. ಅಪ್ಪನ ಕಷಾಯಗಳೆಲ್ಲ ಸೋತಿದ್ದವು. ಇನ್ನು ಉಳಿದದ್ದು ಮೀಸಲಿನ ಈಶ್ವರಿ ಬೇರು ಒಂದೇ. ಅಪ್ಪನ ಕಣ್ಣಿಗೆ ಪೊರೆ ಬಂದಿದ್ದರಿಂದ ಕೀಳಬೇಕಾದವಳು ನಾನು.

ಕಾಕುವಿನ ಮಗ ಏಕನಾಥ ನಮ್ಮ ಜೊತೆ ಬಂದಿದ್ದರು. ಪುಣೆಯಲ್ಲಿ ಸಸ್ಯಶಾಸ್ತ್ರ ಓದಿದವರು. ಕರಾಚಿಯ ಕಾಲೇಜೊಂದರಲ್ಲಿ ಅವರಿಗೆ ನೌಕರಿ ಸಿಕ್ಕಿತ್ತು. ಬರುತ್ತಾರೋ ಇಲ್ಲವೋ ಎಂದು ನಾವು ಅಡವಿ ತಲುಪಿದ ಮರುದಿನದೊಳಗೆ ತಾರು ಆಫೀಸಿನಿಂದ ತಂತಿ ಕಳಿಸಬೇಕಿತ್ತು. ಆ ಸುದ್ದಿ ಹೇಳುವಾಗ ನನ್ನ ಕಡೆಗೊಮ್ಮೆ ನೋಡಿದ್ದರು, ಅಷ್ಟೇ. ನನಗಂತೂ ಅಂದಿನಿಂದ ಊಟ ರುಚಿಸಿರಲಿಲ್ಲ.

ಬೇರು ಕೀಳುವ ಹಿಂದಿನ ಸಂಜೆ ಈಶ್ವರಿ ಬಳ್ಳಿಯ ಬುಡಕ್ಕೆ ಅರಿಷಿಣದ ಅಕ್ಕಿ ಹಾಕಿ, "ನಾಳೆ ಬರತೇವಿ ತಾಯಿ, ಸಿಟ್ಟಾಗಬ್ಯಾಡ" ಎಂದು ಅಪ್ಪ ಕೈಮುಗಿದರು. ಏಕನಾಥ ಬಗ್ಗಿ ನೋಡಿ ಯಾವುದೋ ಲ್ಯಾಟಿನ್ ಹೆಸರು ಹೇಳಿದರು.

"ಆ ಹೆಸರಿಲೆ ಕರದರ ಬಳ್ಳಿ ಓ ಅಂತದೇನ್ರಿ?" ಎಂದು ಕಾಡಿಸಿದೆ.

"ಬಳ್ಳಿ ಅನ್ನಂಗಿಲ್ಲ." ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಕನ್ನಡಕವಿಲ್ಲದ ಕಣ್ಣು ನನ್ನ ಮೇಲೇ ಇತ್ತು. "ಹೆಸರಿಲೆ ಕರದರ ಓ ಅನ್ನವ್ರು ಬ್ಯಾರೆ ಇದ್ದಾರ. ನೀವು ಒಂದು ದಿನಾನೂ ಹೆಸರು ಹಿಡದು ಕರದಿಲ್ಲ."

ನನ್ನ ಕಿವಿ ಬಿಸಿಯಾಯಿತು. ಅಪ್ಪ ಸುಮ್ಮನೆ ಕೆಮ್ಮಿದರು.

ಬೆಳಗಾಯಿತು. ಹಳ್ಳದ ದಂಡೆಯಲ್ಲಿ ಅಪ್ಪ ತಂಬಿಗೆ ತುಂಬ ನೀರಿಟ್ಟುಕೊಂಡು ಕೂತರು. ಚಕ್ಕಡಿ ಹೊಡೆಯುವ ಉಳವಪ್ಪ ಎತ್ತುಗಳನ್ನು ನೆರಳಿಗೆ ಕಟ್ಟಿದ. ಎದ್ದಾಗಿನಿಂದ ನಾನು ಮೌನ. ಬೇರು ಕೀಳುವವಳು ಮಾತಾಡಬಾರದು, ಹಿಂದಿರುಗಿ ನೋಡಬಾರದು, ಬೇರನ್ನು ಬೊಗಸೆಯಲ್ಲಿ ಹಿಡಿದು ತಂದು ಆ ತಂಬಿಗೆಯ ನೀರಿಗೆ ಬಿಡಬೇಕು. ಅಲ್ಲಿಯ ತನಕ ಬಾಯಿಬಿಟ್ಟರೆ ಅದು ಬೇರಲ್ಲ, ಬರೀ ಕಟ್ಟಿಗೆ.

"ಏಕನಾಥ, ಆಕಿ ಹಿಂದ ಹಿಂದ ಹೋಗಪಾ. ಚಿರತಿ ಗಿರತಿ ಇರ್ತಾವ. ಬೇರು ಕೀಳೂತನಕಾ ಮಾತಾಡಸಬ್ಯಾಡ" ಎಂದರು ಅಪ್ಪ.

ಅಷ್ಟೇ ಹೇಳಿದರು. ವೈದ್ಯರ ಚಾಳಿಯೇ ಅದು. ಹೊರಗಿನವರಿಗೆ ಯಾವ ನಿಯಮವನ್ನೂ ಪೂರ್ತಿ ಹೇಳುವುದಿಲ್ಲ, ಹೇಳಿದರೆ ವಿದ್ಯೆ ಸೋರಿಹೋಗುತ್ತದಂತೆ. ನೀರು ಮುಟ್ಟುವ ತನಕ ಅನ್ನುವ ಮಾತು ಅಪ್ಪನ ಹೊಟ್ಟೆಯಲ್ಲೇ ಉಳಿಯಿತು.

ಬಿದಿರಿನ ಗೂಟದಿಂದ ಮಣ್ಣು ಕೆದರಿದೆ. ಬೇರು ಘಾಟು ವಾಸನೆಯೊಂದಿಗೆ ಕೈಗೆ ಬಂತು. ಏಕನಾಥ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಅವರನ್ನು ದಾಟುವಾಗ ಕಣ್ಣಿಗೆ ಕಣ್ಣು ಕೂಡಿತು. ನಾನೇ ಮೊದಲು ತಗ್ಗಿಸಿದೆ. ಅವರು ಮತ್ತೆ ನನ್ನ ಹಿಂದೆ ನಡೆದರು.

"ರಜನಿಬಾಯಿ, ಬೇರು ಬಂತಲ್ಲ. ಈಗರೆ ಮಾತಾಡಬಹುದಲ್ಲ?"

ನಾನು ನಡೆಯುತ್ತಲೇ ಇದ್ದೆ.

"ಧಾರವಾಡದಾಗ ಹೇಳಲಿಕ್ಕೆ ಧೈರ್ಯ ಆಗಲಿಲ್ಲ. ನೀವು ಇರು ಅಂದರ ನಾ ಕರಾಚಿಗೆ ಹೋಗಂಗಿಲ್ಲ. ಈಗ ಹೋಗಿ ಭಟ್ಟ ಕಾಕಾಗ ಕೇಳತೇನಿ. ನನಗ ನೀವು ಬೇಕು. ಖರೇ ಹೇಳತೇನಿ, ಭಾಳ ದಿವಸಾತು."

ಇಷ್ಟು ವರ್ಷ ಯಾವ ಮಾತಿಗೆ ಕಾದಿದ್ದೆನೋ ಆ ಮಾತು ಬೆನ್ನ ಹಿಂದೆ ಬಂದು ನಿಂತಿತ್ತು. ಹೌದೆಂದು ಜೋರಾಗಿ ತಲೆಯಾಡಿಸಿದೆ. ಬಗ್ಗಿ ಬಗ್ಗಿ ಹೋಗುವ ಆ ದಾರಿಯಲ್ಲಿ ಅದು ಕೊಂಬೆ ತಪ್ಪಿಸಿಕೊಂಡಂತೆ ಕಂಡಿರಬೇಕು. ನಿಂತುಬಿಡಲೇ? ನಿಂತರೆ ತಿರುಗುತ್ತೇನೆ, ತಿರುಗಿದರೆ ಮಾತಾಡುತ್ತೇನೆ. ನನ್ನ ಬಾಯಿ ನನಗೆ ಗೊತ್ತು.

ಕಾಲಿಗೆ ಬಳ್ಳಿ ತೊಡರಿ ಮುಗ್ಗರಿಸಿದೆ. ಅವರು ಮೊಣಕೈ ಹಿಡಿದು ನಿಲ್ಲಿಸಿದರು. ಬೇರು ನೆಲ ಮುಟ್ಟಲಿಲ್ಲ. ಆ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ನಾನು ಆಗಲೂ ಮಾತಾಡದೆ ಇದ್ದುದನ್ನು ನೋಡಿ ಮೆಲ್ಲಗೆ ಬಿಟ್ಟರು.

"ಬ್ಯಾಡ ಅನ್ನಲಿಕ್ಕೂ ಮನಸ್ಸಿಲ್ಲೇನು? ಆತು, ತಿಳೀತು. ಹಳ್ಳ ಕಾಣಸ್ಲಿಕ್ಕತ್ತದ, ಇನ್ನ ನಿಮಗ ಹೆದರಿಕಿಲ್ಲ. ನಾ ಕಾಲುದಾರಿ ಹಿಡದು ಸ್ಟೇಶನ್ನಿಗೆ ಹೋಗಿ ತಾರು ಮಾಡತೇನಿ. ಕಾಕಾಗ ಹೇಳ್ರಿ."

ಒಣಗಿದ ಎಲೆಗಳ ಮೇಲೆ ಅವರ ಹೆಜ್ಜೆ ಎಡಕ್ಕೆ ಹೊರಳಿತು.

ಆ ನಿಯಮದ ಮೇಲೆ ನನಗೇನೂ ಅಂಥ ನಂಬಿಕೆ ಇರಲಿಲ್ಲ. ಆದರೆ ಅದು ಸುಳ್ಳೆಂದು ಕಾಕುವಿನ ಜೀವದ ಮೇಲೆ ಪರೀಕ್ಷೆ ಮಾಡಲು ನಾನ್ಯಾರು? ಒಂದು ಮಾತಾಡಿದರೆ ಮಗ ನನಗೆ ಸಿಗುತ್ತಿದ್ದ, ತಾಯಿ ಉಳಿಯದಿದ್ದರೆ ಅವನ ಮುಖ ಹೇಗೆ ನೋಡಲಿ? ಅಪ್ಪನ ಮೇಲೆ, ಬೇರಿನ ಮೇಲೆ, ಪೂರ್ತಿ ಕೇಳದೆ ಹೊರಟುಹೋದ ಆ ಜಾಣನ ಮೇಲೆ ಸಿಟ್ಟು ಉಕ್ಕಿತು. ತುಟಿ ಕಚ್ಚಿಕೊಂಡು, ಅಳುತ್ತ ಓಡಿದೆ.

ತಂಬಿಗೆಯಲ್ಲಿ ಬೇರು ಮುಳುಗಿತು. ನಾನು ಅಡವಿಯ ಕಡೆ ತಿರುಗಿದೆ.

"ಏಕನಾಥಾ!"

ರಾಯರು ಇಲ್ಲ, ರೀ ಇಲ್ಲ. ಅಪ್ಪನ ಮುಖ ಗಂಟಾಯಿತು.

"ಯಾರನ್ನ ಹಂಗ ಕರೀಲಿಕ್ಕತ್ತಿ ನೀನು?"

"ಅವರು ಕರಾಚಿಗೆ ಹೊಂಟಾರಪ್ಪಾ. ನಾ ಸುಮ್ಮಿದ್ದದ್ದಕ್ಕ ಬ್ಯಾಡಂದೆ ಅಂತ ತಿಳಕೊಂಡಾರ. ನಾ ಬ್ಯಾಡ ಅಂದಿಲ್ಲ. ನನಗ ಅವರ ಬೇಕು."

ಅಪ್ಪ ತಂಬಿಗೆಯಲ್ಲಿ ಬೆರಳಾಡಿಸಿ ಬೇರನ್ನು ಮುಟ್ಟಿ ನೋಡಿದರು, ಮೂಸಿದರು. ಎತ್ತಿನ ಕೊರಳ ಗಂಟೆ ಗಣಗಣ ಅನ್ನುತ್ತಿತ್ತು.

"ಬಾಯಿ ಬಿಡಲಿಲ್ಲೇನು ನೀನು? ಅಂವಾ ಕೇಳಿದರೂ?"

ಇಲ್ಲವೆಂದು ತಲೆಯಾಡಿಸಿದೆ.

"ಉಳವಪ್ಪಾ" ಎಂದರು ಅಪ್ಪ, "ಆ ಎತ್ತಿನ ಗಂಟಿ ಗಟ್ಟ್ಯಾಗಿ ಹಿಡೀಪಾ. ಈಕಿ ದನಿ ಕೇಳಸಂಗಿಲ್ಲ."

"ಹಿಡದೇನ್ರಿ ಬುದ್ಧೀ. ಕರೀರಿ ಅಕ್ಕಾರ, ಇನ್ನೂ ಜೋರಲೆ ಕರೀರಿ!"

ಕರೆದೆ. ಗಂಟಲು ಹರಿಯುವಷ್ಟು, ಗಿಡದ ಮಂಗಗಳು ಹೆದರಿ ಓಡುವಷ್ಟು. ಆಮೇಲೆ ಉಸಿರು ಬಿಗಿಹಿಡಿದು ನಿಂತೆ.

ದೂರದಿಂದ, ಗಿಡಗಳ ಆಚೆಯಿಂದ, "ಓ!" ಎಂದು ಬಂತು.

ಕಾಕು ಎದ್ದು ಕೂತರು. ಬೇರಿನಿಂದಲೋ, ಮಗ ಊರಲ್ಲೇ ಉಳಿದ ಸುದ್ದಿಯಿಂದಲೋ, ಇವತ್ತಿಗೂ ಗೊತ್ತಿಲ್ಲ. ಮಾಘದಲ್ಲಿ ಅವರೇ ನನ್ನ ಅತ್ತೆಯಾದರು. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಗಂಡನ ಹೆಸರು ಸೇರಿಸಿ ಪಿಸುಗುಟ್ಟಿದೆ. ಅಲ್ಲಿಂದಾಚೆ ಅದು ನನ್ನ ಬಾಯಿಂದ ಬಂದಿಲ್ಲ. ಗಂಡನ ಹೆಸರು ಹೇಳಬಾರದು, ಅದು ನಿಯಮ. ಬರೆಯಬಾರದೆಂದು ಮಾತ್ರ ಯಾರೂ ಹೇಳಿಲ್ಲ. ಅದಕ್ಕೇ ಇಲ್ಲಿ ಇಷ್ಟು ಸಲ ಬರೆದುಕೊಂಡೆ.